ಒಬ್ಬನೇ ದೇವನಿಗೆ ಊರ ಹೆಸರೇಕೆ?

ಕಳೆದ ಶ್ರಾವಣದ ಒಂದು ಸಂಜೆ ವಸತಿಗೃಹದ ಕಟ್ಟೆಯ ಮೇಲೆ ನಾವು ಐದಾರು ಜನ ಮಾತಿಗೆ ಕುಳಿತಿದ್ದೆವು. ಬಸವನ ಬಾಗೇವಾಡಿಯ ಕಡೆಯವನಾದ ನಾನು, ದೇವರು ಒಬ್ಬನೇ ಎಂಬುದನ್ನು ನಮ್ಮ ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಸಾರಿದರೆಂದು ಅಭಿಮಾನದಿಂದ ಹೇಳಿದೆ. ಇಂಡಿಯ ಗೆಳೆಯನೊಬ್ಬ ನಕ್ಕು, “ಅಲ್ಲಪಾ, ದೇವರು ಒಬ್ಬನ ಅಂದಮ್ಯಾಲ ಅವಗ ಒಂದು ಊರಿನ ಹೆಸರು ಯಾಕ? ಕೂಡಲಸಂಗಮ ಅಂದ್ರ ಊರಲ್ಲೇನು?” ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಅಂದು ಬಾಯಿ ಕಟ್ಟಿದ್ದರಿಂದಲೇ ಇಂದು ಈ ಲೇಖನ ಬರೆಯಬೇಕಾಯಿತು.

ಮೊದಲು ನಮ್ಮ ಸೀಮೆಯ ದೇವರ ಹೆಸರುಗಳನ್ನೇ ನೋಡೋಣ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನವುಂಟು. ಅಲ್ಲಿದ್ದ ವಿದ್ಯಾಲಯದಿಂದ ಅದು ಪ್ರಸಿದ್ಧವಾಗಿದೆ. ಆ ಶಾಸನದ ದೇವರ ಹೆಸರು ತ್ರಯೀಪುರುಷ; ಎಂದರೆ ಬ್ರಹ್ಮ, ವಿಷ್ಣು, ಶಿವ ಮೂವರೂ ಕೂಡಿದವನು. ಸಿಂದಗಿ ತಾಲೂಕಿನ ಗೋಲಗೇರಿಗೆ ಬಂದರೆ ಅಲ್ಲಿಯ ದೇವರು ಗೊಲ್ಲಾಳೇಶ್ವರ. ಕುರಿಯ ಹಿಕ್ಕೆಯನ್ನೇ ಲಿಂಗವೆಂದು ನಂಬಿ ಪೂಜಿಸಿದ ಕುರುಬರ ಹುಡುಗ ಗೊಲ್ಲಾಳನ ಕಥೆಯನ್ನು ಜನ ಇಂದಿಗೂ ಹೇಳುತ್ತಾರೆ. ಇಲ್ಲಿ ಭಕ್ತನ ಹೆಸರೇ ದೇವರಿಗೆ ಬಂದಿದೆ. ಹೀಗೆ ಒಂದೆಡೆ ಶಾಸ್ತ್ರದಿಂದ, ಇನ್ನೊಂದೆಡೆ ಭಕ್ತನಿಂದ ದೇವರಿಗೆ ಹೆಸರಾಯಿತು. ಕೂಡಲಸಂಗಮದಲ್ಲಿ ಹೆಸರು ಕೊಟ್ಟದ್ದು ನೆಲ ಮತ್ತು ನೀರು.

‘ಕೂಡಲ’ ಎಂಬುದು ಅಚ್ಚಗನ್ನಡ ಮಾತು. ಕೂಡು ಎಂಬ ಧಾತುವಿನಿಂದ ಬಂದುದು. ತುಂಗೆ, ಭದ್ರೆಯರು ಸೇರುವ ಊರಿಗೆ ಕೂಡಲಿ ಎನ್ನುವುದೂ ಇದರಿಂದಲೇ. ‘ಸಂಗಮ’ ಎಂಬ ಸಂಸ್ಕೃತ ಶಬ್ದಕ್ಕೂ ಅದೇ ಅರ್ಥ. ಕೃಷ್ಣೆ, ಮಲಪ್ರಭೆಯರು ಕೂಡುವಲ್ಲಿ ಎರಡು ಭಾಷೆಗಳೂ ಕೂಡಿಕೊಂಡು ಒಂದೇ ಅರ್ಥವನ್ನು ಎರಡು ಬಾರಿ ಹೇಳಿವೆ. ಹರಿಹರನ ಬಸವರಾಜದೇವರ ರಗಳೆಯಲ್ಲಿ ಈ ಸ್ಥಳದ ಹೆಸರು ಕಪ್ಪಡಿ ಸಂಗಮ. ಮನೆ ಬಿಟ್ಟು ಬಂದ ಬಾಗೇವಾಡಿಯ ಹುಡುಗ ಆಶ್ರಯ ಪಡೆದದ್ದು ಇಲ್ಲಿಯ ಸಂಗಮನಾಥನ ಸನ್ನಿಧಿಯಲ್ಲಿ.

ಮುಂದೆ ಬಸವಣ್ಣನವರು ಮಂಗಳವೇಢೆಗೆ ಹೋದರು, ಕಲ್ಯಾಣಕ್ಕೆ ಹೋದರು, ಬಿಜ್ಜಳನ ಭಂಡಾರಿಯಾದರು. ಗುಡಿ ಹೊಳೆಯ ದಂಡೆಯಲ್ಲಿಯೇ ಉಳಿಯಿತು. ಹೆಸರು ಮಾತ್ರ ಅವರ ಸಂಗಡ ನಡೆಯಿತು. ವಚನದ ಕೊನೆಯಲ್ಲಿ ಬರುವ ಕೂಡಲಸಂಗಮದೇವನು ಕಲ್ಲಿನ ಗುಡಿಯವನಲ್ಲ. ಅಂಗೈಯ ಇಷ್ಟಲಿಂಗದಲ್ಲಿ ಕಾಣುವ ನಿರಾಕಾರನು. ಅಕ್ಕಮಹಾದೇವಿಗೂ ಹಾಗೆಯೇ, ಶ್ರೀಶೈಲದ ಮಲ್ಲಿಕಾರ್ಜುನ ಅವಳ ಮಾತಿನಲ್ಲಿ ಚೆನ್ನಮಲ್ಲಿಕಾರ್ಜುನನಾದ. ಅಲ್ಲಮನು ಗುಹೇಶ್ವರನೆಂದ. ಹೆಸರು ಹಲವಾದರೂ ಕರೆದದ್ದು ಒಬ್ಬನನ್ನೇ.

ಇದು ನಮ್ಮಲ್ಲಿ ಮಾತ್ರ ನಡೆದುದಲ್ಲ. ಯಹೂದ್ಯರ ಏಕದೇವನಾದ ಯೆಹೋವನ ಹೆಸರನ್ನು ನೋಡಿರಿ. ಈಗಿನ ಸೂಡಾನದ ಸೋಲೆಬ್ ಎಂಬಲ್ಲಿ ಈಜಿಪ್ತಿನ ದೊರೆ ಮೂರನೆಯ ಅಮೆನ್‌ಹೋಟೆಪ್ ಕ್ರಿ.ಪೂ. 14ನೆಯ ಶತಮಾನದಲ್ಲಿ ಒಂದು ದೇವಾಲಯ ಕಟ್ಟಿಸಿದ. ಅದರ ಬರಹದಲ್ಲಿ ಶಾಸು ಎಂಬ ಅಲೆಮಾರಿ ಜನರ ಒಂದು ನಾಡನ್ನು ‘ಯಹು’ ಎಂಬ ಹೆಸರಿನಿಂದ ಗುರುತಿಸಿದೆ. ಯೆಹೋವನ ಹೆಸರಿನ ಅತ್ಯಂತ ಹಳೆಯ ಸುಳಿವು ಇದೇ ಎಂದು ಅನೇಕ ವಿದ್ವಾಂಸರ ಮತ. ಹಾಗಿದ್ದರೆ ಆ ಹೆಸರೂ ಮೊದಲು ಒಂದು ಸೀಮೆಯದೇ! ಬಳಿಕ ಕ್ರಿ.ಪೂ. 9ನೆಯ ಶತಮಾನದ ಮೋವಾಬದ ದೊರೆ ಮೇಷನ ಶಾಸನದಲ್ಲಿ ಅದು ಸ್ಪಷ್ಟವಾಗಿ ದೇವರ ಹೆಸರು. 1868ರಲ್ಲಿ ಬೆಳಕಿಗೆ ಬಂದ ಈ ಶಾಸನದಲ್ಲಿ ಯೆಹೋವ ಇಸ್ರೇಲರ ದೇವರು, ಕೆಮೋಷ್ ಮೇಷನ ದೇವರು. ಇಬ್ಬರ ಜನರಿಗೂ ಯುದ್ಧ. ಕ್ರಿ.ಪೂ. 6ನೆಯ ಶತಮಾನದಲ್ಲಿ ಜನ ಬಾಬಿಲೋನಿಗೆ ಸೆರೆಹೋದರು. ನಾಡೂ ಗುಡಿಯೂ ಕೈಬಿಟ್ಟ ಆ ಕಾಲದಲ್ಲಿ, ಆತನ ಹೊರತು ಬೇರೆ ದೇವರೇ ಇಲ್ಲವೆಂಬ ಮಾತು ಗಟ್ಟಿಯಾಗಿ ಕೇಳಿಬಂತು. ಕಾಲಾಂತರದಲ್ಲಿ ಯಹೂದ್ಯರು ಭಯಭಕ್ತಿಯಿಂದ ಆ ಹೆಸರನ್ನು ಉಚ್ಚರಿಸುವುದನ್ನೇ ಬಿಟ್ಟು, ‘ಒಡೆಯ’ ಎಂಬರ್ಥದ ಅದೋನಾಯ್ ಎಂದು ಓದತೊಡಗಿದರು. ನಮ್ಮ ಶರಣರಾದರೋ ವಚನ ವಚನಕ್ಕೂ ಹೆಸರು ಹಿಡಿದೇ ಕೂಗಿದರು.

ಏಕದೇವನಿಗೆ ಸ್ಥಳದ ಹೆಸರು ಸಲ್ಲದೆಂಬ ವಾದ ನಮ್ಮಲ್ಲಿಯೂ ಬಂದಿದೆ. ಬಸವಣ್ಣನವರ ನಿಜವಾದ ಅಂಕಿತ ‘ಲಿಂಗದೇವ’ ಎಂದು ವಚನಗಳನ್ನು ತಿದ್ದಿ ಪುಸ್ತಕ ಹೊರಟಿತು. 1998ರಲ್ಲಿ ಕರ್ನಾಟಕ ಸರಕಾರ ಅದನ್ನು ಮುಟ್ಟುಗೋಲು ಹಾಕಿಕೊಂಡಿತು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕ್ರಮವನ್ನು ಎತ್ತಿಹಿಡಿಯಿತು. ನ್ಯಾಯಾಲಯದ ಮಾತು ಅಂತಿರಲಿ. ಗೆಳೆಯನ ಪ್ರಶ್ನೆಗೆ ಉತ್ತರ ನನಗೆ ದೊರೆತದ್ದು ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ.

ಕೃಷ್ಣೆಯ ದಂಡೆಯ ಆ ಊರಿನಲ್ಲಿ ಬಸವಣ್ಣನವರ ಪತ್ನಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ಸಂಗಮದಿಂದ ಬಸವಣ್ಣನವರ ಕರೆ ಬಂದಾಗ ಆ ತಾಯಿ ಹೊರಟರಂತೆ. ಆದರೆ ಅಲ್ಲಿರುವ ಸಂಗಯ್ಯ ಇಲ್ಲಿ ಇರಲಾರನೆ ಎಂಬ ಭಾವದಿಂದ ಹೊಳೆ ದಾಟದೆ ತಂಗಡಗಿಯಲ್ಲಿಯೇ ಐಕ್ಯರಾದರೆಂದು ಐತಿಹ್ಯ. ಅವರ ವಚನಗಳ ಅಂಕಿತವೂ ‘ಸಂಗಯ್ಯ’ ಎಂಬುದೇ. ನೋಡಿರಿ, ಅವರು ಹೆಸರನ್ನು ಬಿಡಲಿಲ್ಲ, ಆ ಹೆಸರಿನ ಊರಿಗೂ ಹೋಗಲಿಲ್ಲ!

ಮರುದಿನ ನಾನು ಕೂಡಲಸಂಗಮಕ್ಕೂ ಹೋಗಿ ಬಂದೆ. ನಾರಾಯಣಪುರದ ಬಸವಸಾಗರದ ಹಿನ್ನೀರು ಐಕ್ಯಮಂಟಪವನ್ನು ಸುತ್ತುವರಿದಿದೆ. ಸುತ್ತಲೂ ಕಟ್ಟಿದ ಎತ್ತರದ ಗೋಡೆಯೊಳಗೆ ಮೆಟ್ಟಿಲಿಳಿದು ಹೋಗಬೇಕು. ಮೇಲೆ ನಿಂತು ನೋಡಿದರೆ ಯಾವುದು ಕೃಷ್ಣೆ, ಯಾವುದು ಮಲಪ್ರಭೆ ಎಂದು ನನಗೆ ತಿಳಿಯಲಿಲ್ಲ. ಎಲ್ಲವೂ ಒಂದೇ ನೀರು.

ಹೊಳೆಗೆ ಇಳಿಯಬೇಕಾದವನಿಗೆ ಒಂದು ಘಟ್ಟ ಬೇಕು. ಘಟ್ಟಕ್ಕೆ ಊರಿನ ಹೆಸರಿರುತ್ತದೆ. ಅಷ್ಟರಿಂದ ಹೊಳೆ ಆ ಊರಿನದಾಗುವುದಿಲ್ಲ. ಇಂಡಿಯ ಗೆಳೆಯನಿಗೆ ಇದು ನನ್ನ ಉತ್ತರ. ತಡವಾದುದಕ್ಕೆ ಅವನು ಕ್ಷಮಿಸಲಿ.