ನಿಸರ್ಗದೃಶ್ಯಗಳ ಛಾಯಾಗ್ರಹಣ: ಹವ್ಯಾಸದಿಂದ ವೃತ್ತಿಯ ಕಡೆಗೆ

ರಜೆಯಲ್ಲಿ ಊರಿಗೆ ಹೋದ ನಮ್ಮವನೊಬ್ಬನು ಮರವಂತೆಯಲ್ಲಿ ಬಸ್ಸಿನಿಂದಿಳಿದು, ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಆ ಅಪೂರ್ವ ನೋಟದ ಚಿತ್ರವನ್ನು ತೆಗೆದುಕೊಳ್ಳುತ್ತಾನೆ. ಮುಂಬಯಿಗೆ ಮರಳಿ ಕೋಣೆಯ ಜತೆಗಾರರಿಗೆ ತೋರಿಸಿದರೆ, ಕಡಲು ಬಿಳಿಯ ಪಟ್ಟಿಯಾಗಿ, ನದಿ ಬೂದುಬಣ್ಣದ ಗೆರೆಯಾಗಿ ಕಾಣಿಸುತ್ತವೆ. “ನೀನು ಹೇಳಿದಷ್ಟು ಚೆಂದವೇನೂ ಇಲ್ಲವಲ್ಲ ಮಾರಾಯ!” ಎಂಬ ಮಾತು ಕೇಳಿ, ತಪ್ಪೆಲ್ಲ ಕ್ಯಾಮರಾದ್ದೇ ಎಂದು ಬಗೆದು, ಕೆಲವು ತಿಂಗಳ ಸಂಬಳವನ್ನು ಹೊಸ ಯಂತ್ರಕ್ಕೆ ಸುರಿಯಲು ಹೊರಡುವವರೂ ಉಂಟು. ಅದಕ್ಕೆ ಮುನ್ನ ಒಂದು ವಿಷಯವನ್ನು ವಿಚಾರಿಸುವುದು ಒಳ್ಳೆಯದು.

ಕಣ್ಣು ಬೇರೆ, ಯಂತ್ರ ಬೇರೆ

ನಮ್ಮ ಕಣ್ಣು ಒಂದು ದೃಶ್ಯದಲ್ಲಿ ಅತ್ತಿತ್ತ ಅಲೆಯುತ್ತದೆ. ಬೆಳಕಿನ ಕಡೆ ತಿರುಗಿದಾಗ ಕುಗ್ಗುತ್ತದೆ, ನೆರಳಿನ ಕಡೆ ತಿರುಗಿದಾಗ ಅರಳುತ್ತದೆ. ಮನಸ್ಸು ಬೇಕಾದುದನ್ನು ಮಾತ್ರ ಆರಿಸಿಕೊಳ್ಳುತ್ತದೆ. ಯಂತ್ರಕ್ಕಾದರೋ ಆ ಆಯ್ಕೆಯಿಲ್ಲ. ಉರಿಯುವ ಆಕಾಶವನ್ನೂ ಕಪ್ಪು ನೆಲವನ್ನೂ ಒಂದೇ ಅಳತೆಯಲ್ಲಿ ಅಳೆಯುತ್ತದೆ. ಆದಕಾರಣ, ಗುಂಡಿ ಒತ್ತುವ ಮೊದಲೇ ಮುಗಿದ ಚಿತ್ರವನ್ನು ಮನಸ್ಸಿನಲ್ಲಿ ಕಾಣಬಲ್ಲವನೇ ನಿಜವಾದ ಛಾಯಾಗ್ರಾಹಕ.

ಒಬ್ಬ ಮೇಲ್ವಿಚಾರಕನ ಉದಾಹರಣೆ

ಅಮೆರಿಕದ ಆನ್ಸೆಲ್ ಆಡಮ್ಸ್ (1902–1984) ಈ ಕಲೆಯಲ್ಲಿ ಜಗದ್ವಿಖ್ಯಾತನಾದವನು. 1916ರಲ್ಲಿ ಯೊಸೆಮಿಟಿ ಕಣಿವೆಗೆ ಮೊದಲ ಬಾರಿ ಹೋದಾಗ ಅವನ ಕೈಯಲ್ಲಿದ್ದುದು ತಂದೆತಾಯಿಗಳು ಕೊಟ್ಟ ಸಾಮಾನ್ಯ ಪೆಟ್ಟಿಗೆ ಕ್ಯಾಮರಾ. ಅನಂತರ ಒಬ್ಬ ಫೋಟೋ ತೊಳೆಯುವವನ ಬಳಿ ಅರೆಕಾಲಿಕ ಕೆಲಸಕ್ಕೆ ನಿಂತು ಕತ್ತಲೆ ಕೋಣೆಯ ವಿದ್ಯೆಯನ್ನು ಕಲಿತನು. 1920ರಿಂದ ಕೆಲವು ಬೇಸಗೆಗಳಲ್ಲಿ ಅದೇ ಕಣಿವೆಯ ಒಂದು ಸಂದರ್ಶಕ ಕೇಂದ್ರದ ಮೇಲ್ವಿಚಾರಕನಾಗಿ ದುಡಿದನು. ಬಂದವರನ್ನು ವಿಚಾರಿಸುವ ಕೆಲಸದ ನಡುವೆಯೇ ಆ ಬಂಡೆಗಳ ಬೆಳಕನ್ನು ಓದಿಕೊಂಡನೆಂಬುದು ನಮ್ಮ ಹೋಟೆಲ್ ಬಂಧುಗಳು ಗಮನಿಸತಕ್ಕ ಸಂಗತಿ.

1927ರ ಏಪ್ರಿಲ್ 10ರಂದು ‘ಹಾಫ್ ಡೋಮ್’ ಎಂಬ ಮಹಾಬಂಡೆಯ ಎದುರು ಬಂದು ನಿಂತಾಗ ಅವನಲ್ಲಿ ಉಳಿದಿದ್ದುದು ಎರಡೇ ಗಾಜಿನ ಫಲಕಗಳು. ಒಂದನ್ನು ಹಳದಿ ಫಿಲ್ಟರಿನಿಂದ ತೆಗೆದನು. ಒಡನೆಯೇ, ಆಕಾಶವು ಪೇಲವವಾಗಿ ತನ್ನ ಎದೆಯಲ್ಲಿ ಎದ್ದ ಗಾಂಭೀರ್ಯವು ಚಿತ್ರದಲ್ಲಿ ಬಾರದೆಂದು ಅವನಿಗೆ ಹೊಳೆಯಿತು. ಕೊನೆಯ ಫಲಕಕ್ಕೆ ಕಡುಗೆಂಪು ಫಿಲ್ಟರನ್ನು ಹಾಕಿದನು. ಅದು ನೀಲಿ ಬೆಳಕನ್ನು ತಡೆಯುವುದರಿಂದ ಕಪ್ಪು-ಬಿಳುಪು ಚಿತ್ರದಲ್ಲಿ ಆಕಾಶವು ಕಪ್ಪಾಯಿತು, ಬಂಡೆ ಎದ್ದು ನಿಂತಿತು. ಒಂದೇ ಕ್ಯಾಮರಾ, ಒಂದೇ ಬಂಡೆ. ಬದಲಾದುದು ತೆಗೆಯುವವನ ಯೋಚನೆ ಮಾತ್ರ.

ಬೆಳಕಿನ ವೇಳೆ, ದುಡಿಮೆಯ ವೇಳೆ

ನಿಸರ್ಗದೃಶ್ಯಕ್ಕೆ ಯೋಗ್ಯವಾದ ಬೆಳಕು ಸೂರ್ಯೋದಯ ಸೂರ್ಯಾಸ್ತಗಳ ಆಸುಪಾಸಿನದು. ಆಗ ಕಿರಣಗಳು ಓರೆಯಾಗಿ ಬಿದ್ದು ಬೆಟ್ಟದ ಮಡಿಕೆಗಳಿಗೂ ಮರಳಿನ ಅಲೆಗಳಿಗೂ ನೆರಳು ಕೊಡುತ್ತವೆ. ನಡುಹಗಲಲ್ಲಿ ಎಲ್ಲವೂ ಚಪ್ಪಟೆ. ಆದರೆ ಬೆಳಗಿನ ಆ ಹೊತ್ತಿನಲ್ಲಿ ನಮ್ಮ ಹೋಟೆಲಿನವರು ಇಡ್ಲಿಯ ಹಬೆಯ ಮುಂದಿರುತ್ತಾರೆ. ಸಂಜೆ ಗುಮಾಸ್ತರು ಲೋಕಲ್ ಗಾಡಿಯಲ್ಲಿರುತ್ತಾರೆ. ಇದೇ ನಮ್ಮವರ ನಿಜವಾದ ಕಷ್ಟ. ಆದುದರಿಂದ ವಾರದಲ್ಲಿ ಸಿಕ್ಕುವ ಒಂದು ಬಿಡುವನ್ನು ಹತ್ತು ಸ್ಥಳಗಳಿಗೆ ಹಂಚದೆ ಒಂದೇ ಸ್ಥಳಕ್ಕೆ, ಮರೀನ್ ಡ್ರೈವ್ ಆಗಲಿ ವರ್ಲಿಯ ದಂಡೆಯಾಗಲಿ, ಮೀಸಲಿಡಬೇಕು. ಮುಂಬಯಿಯಲ್ಲಿ ಜೂನ್ ಹಾಗೂ ಡಿಸೆಂಬರ್ ತಿಂಗಳುಗಳ ಸೂರ್ಯಾಸ್ತದ ಬಿಂದುಗಳ ನಡುವೆ ಸುಮಾರು 50 ಡಿಗ್ರಿ ಅಂತರವಿದೆ. ಚಾಚಿದ ತೋಳಿನ ತುದಿಯಲ್ಲಿ ಒಂದು ಮುಷ್ಟಿ ಸುಮಾರು 10 ಡಿಗ್ರಿ. ದಿಗಂತಕ್ಕೂ ಸೂರ್ಯನಿಗೂ ನಡುವೆ ಒಂದು ಮುಷ್ಟಿ ಹಿಡಿದರೆ ಮುಳುಗಲು ಸುಮಾರು 40 ನಿಮಿಷ ಉಂಟೆಂದು ತಿಳಿಯಬಹುದು. ಒಂದೇ ದಂಡೆಯನ್ನು ವರ್ಷವಿಡೀ ನೋಡಿದವನಿಗೆ ಇವೆಲ್ಲ ಬಾಯಿಪಾಠವಾಗುತ್ತವೆ.

ಕೈಯ ಕೆಲಸ

ಮೊದಲ ಖರ್ಚು ಲೆನ್ಸಿಗಲ್ಲ, ಗಟ್ಟಿಯಾದ ಟ್ರೈಪಾಡಿಗೆ. ಮಂದ ಬೆಳಕಿನಲ್ಲಿ ಕೈ ನಡುಗದೆ ಇರದು. ಐಎಸ್‌ಒ 100 ಇರಲಿ. ಸಾಮಾನ್ಯ ಕ್ಯಾಮರಾಗಳಲ್ಲಿ ಎಫ್/8ರಿಂದ ಎಫ್/11ರ ದ್ವಾರವು ಹತ್ತಿರ ದೂರಗಳೆರಡನ್ನೂ ಸ್ಫುಟವಾಗಿ ತೋರಿಸುವುದು. ಎಫ್/22ರವರೆಗೆ ಕಿರಿದುಗೊಳಿಸಿದರೆ ಬೆಳಕು ಬಾಗಿ ಚಿತ್ರವು ಮೆದುವಾಗುತ್ತದೆ. ಡಿಜಿಟಲ್ ಚಿತ್ರದಲ್ಲಿ ಸುಟ್ಟು ಬಿಳಿಯಾದ ಆಕಾಶವನ್ನು ಮರಳಿ ತರಲಾಗದು, ನೆರಳನ್ನು ತಕ್ಕಮಟ್ಟಿಗೆ ಎತ್ತಬಹುದು. ಆದ್ದರಿಂದ ಆಕಾಶಕ್ಕೆ ತಕ್ಕಂತೆ ಬೆಳಕನ್ನು ಅಳೆಯಿರಿ. ಮೊಬೈಲಿಗೂ ಈ ಮಾತು ಸಲ್ಲುತ್ತದೆ. ಮಳೆಗಾಲದ ಘಟ್ಟಗಳಲ್ಲಿ ಒದ್ದೆ ಎಲೆಗಳ ಹೊಳಪನ್ನು ತಗ್ಗಿಸಿ ಹಸುರನ್ನು ಹೊರತರಲು ಪೋಲರೈಸರ್ ಫಿಲ್ಟರಿಗೆ ಸಮನಾದುದಿಲ್ಲ. ಕಡಲ ಗೆರೆ ಓರೆಯಾಗದಿರಲಿ. ಮುನ್ನೆಲೆಯಲ್ಲಿ ಒಂದು ದೋಣಿಯೋ ಬಂಡೆಯೋ ಇರಲಿ. ಮರವಂತೆಯ ಆ ಚಿತ್ರಕ್ಕೆ ಬೇಕಾಗಿದ್ದುದು ಇಷ್ಟೇ.

ವೃತ್ತಿಯೆಂದರೆ

ಅದೃಷ್ಟದಿಂದ ಒಂದು ಒಳ್ಳೆಯ ಚಿತ್ರ ಯಾರಿಗಾದರೂ ದಕ್ಕೀತು. ಹೇಳಿದ ದಿನ, ಹೇಳಿದ ಸ್ಥಳದ ಯೋಗ್ಯ ಚಿತ್ರವನ್ನು ತಂದುಕೊಡಬಲ್ಲವನೇ ವೃತ್ತಿಗಾರ. ತೆಗೆದ ನೂರರಲ್ಲಿ ತೊಂಬತ್ತೈದನ್ನು ತಾನೇ ತಿರಸ್ಕರಿಸುವ ನಿಷ್ಠುರತೆಯೂ ಬೇಕು. ವ್ಯವಹಾರವನ್ನೂ ತಿಳಿದಿರಬೇಕು: 1957ರ ಕೃತಿಸ್ವಾಮ್ಯ ಕಾಯಿದೆಯಂತೆ ನೀವಾಗಿ ತೆಗೆದ ಚಿತ್ರದ ಹಕ್ಕು ನಿಮ್ಮದು, ಆದರೆ ಇನ್ನೊಬ್ಬರು ಹಣ ಕೊಟ್ಟು ತೆಗೆಸಿದ ಚಿತ್ರದ ಹಕ್ಕು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರದೇ. ಆದ್ದರಿಂದ ಷರತ್ತುಗಳನ್ನು ಬರೆದುಕೊಂಡೇ ಕೆಲಸಕ್ಕೆ ಹೊರಡಿ.

ಇಷ್ಟಾದರೂ ಇದೊಂದನ್ನೇ ನಂಬಿ ಇದ್ದ ಕೆಲಸವನ್ನು ಬಿಡುವುದು ವಿವೇಕವಲ್ಲ. ಆಡಮ್ಸ್‌ನಂಥವನೇ ಸಂಸಾರ ನಡೆಸಲು ದೀರ್ಘಕಾಲ ಕಂಪೆನಿಗಳಿಗಾಗಿ ಚಿತ್ರ ತೆಗೆದನು. ನಮ್ಮವರ ಹೋಟೆಲಿನ ಗೋಡೆಗೊಂದು ಆಗುಂಬೆಯ ಸೂರ್ಯಾಸ್ತ, ಪರಿಚಿತರ ಅಂಗಡಿಯ ಕ್ಯಾಲೆಂಡರಿಗೊಂದು ಜೋಗ, ಹೀಗೆ ಸಣ್ಣದಾಗಿ ಆರಂಭವಾಗಲಿ. ಊರನ್ನು ಬಿಟ್ಟು ಬಂದವನಿಗೆ ಊರಿನ ಬೆಳಕಿನ ಬೆಲೆ ಊರಲ್ಲಿರುವವನಿಗಿಂತ ಹೆಚ್ಚಾಗಿ ತಿಳಿದಿರುತ್ತದೆ. ಆ ಹಂಬಲಕ್ಕೆ ಶಿಸ್ತು ಕೂಡಿದರೆ, ಮುಂದಿನ ರಜೆಯಿಂದ ಮರಳಿದಾಗ ಜತೆಗಾರರು ಚಿತ್ರವನ್ನು ಕೈಗೆತ್ತಿಕೊಂಡು ಕ್ಷಣಕಾಲ ಮಾತಿಲ್ಲದೆ ನೋಡಿಯಾರು.