ಕತ್ತು ತಿರುಗಿಸುವ ವಿದ್ಯೆ

1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ಕಾದಿದ ವೈಮಾನಿಕರು ಕೊರಳಿಗೆ ರೇಷ್ಮೆಯ ವಸ್ತ್ರ ಸುತ್ತಿಕೊಳ್ಳುತ್ತಿದ್ದುದು ಬರಿಯ ಶೋಕಿಗಾಗಿರಲಿಲ್ಲ. ಬೆನ್ನ ಹಿಂದಿನ ಶತ್ರುವನ್ನರಸಿ ಎಡೆಬಿಡದೆ ತಿರುಗುವ ಕತ್ತು ಕಾಲರಿಗೆ ಉಜ್ಜಿ ಹುಣ್ಣಾಗುತ್ತಿತ್ತು.

ಇಂದು ಗಣಕಯಂತ್ರದ ಮುಂದೆ ಕುಳಿತು ಆ ಯುದ್ಧವನ್ನು ಆಡುವವನೂ ಹಿಂದೆ ನೋಡಲೇಬೇಕು. ಆದರೆ ಹೊರಳಿ ನೋಡಿದರೆ ಕಾಣುವುದು ಮನೆಯ ಗೋಡೆ! ಅದಕ್ಕಾಗಿ ಟೋಪಿಗೆ ಮೂರು ಬೆಳಕಿನ ಬಿಂದುಗಳನ್ನು ಸಿಕ್ಕಿಸಿ, ಅವುಗಳ ಮೂಲಕ ತಲೆಯ ಚಲನೆಯನ್ನು ಎದುರಿನ ಕ್ಯಾಮೆರಾ ಅಳೆಯುವಂತೆ ಮಾಡುತ್ತಾರೆ. ತಲೆ 15 ಡಿಗ್ರಿ ಹೊರಳಿದರೆ ನೋಟ 150 ಡಿಗ್ರಿ ಹೊರಳುವಂತೆ ಹೊಂದಿಸಿದರೆ, ಕಣ್ಣು ಪರದೆಯನ್ನು ಬಿಡದೆಯೇ ಹಿಂದಿನದು ಕಾಣುತ್ತದೆ.

ಆದರೆ ಹೀಗೆ ಹಿಗ್ಗಿಸಿದಾಗ ಉಸಿರಾಟದ ಅಲುಗಾಟವೂ ಗುರಿಯನ್ನು ಕೆಡಿಸೀತು. ಆದುದರಿಂದ ನೇರ ನೋಟದ ಸುತ್ತ, ತಲೆ ತುಸು ಅಲುಗಿದರೂ ನೋಟ ಅಲುಗದ ಎಡೆಯೊಂದನ್ನು ಉಳಿಸಬೇಕು. ಈ ಹದ ಸಿದ್ಧಿಸಿದವನಿಗೆ ರೇಷ್ಮೆಯ ವಸ್ತ್ರ ಬೇಕಿಲ್ಲ.