ಬಸ್ಸಾರಿನ ಪಲ್ಯಕ್ಕೆ ಬಡ್ತಿ ಸಿಗಲಿ

ನಂಜನಗೂಡಿನಿಂದ ಟಿ. ನರಸೀಪುರದವರೆಗೆ ಕಪಿಲೆಯ ಬಯಲು ಭತ್ತದ ಸೀಮೆ. ಗದ್ದೆಗೆ ಟ್ರ್ಯಾಕ್ಟರ್ ಬಂತು, ಕಟಾವು ಯಂತ್ರ ಬಂತು. ತಟ್ಟೆಯ ಅನ್ನದ ಗುಡ್ಡೆ ಮಾತ್ರ ಕರಗಲಿಲ್ಲ. ಇಂಜಿನಿಯರಿಂಗ್ ಓದಿದ ನನಗೆ ಇದು ಸರಳ ಜಮಾ-ಖರ್ಚಿನ ಲೆಕ್ಕ.

ರಕ್ತಪರೀಕ್ಷೆಯಲ್ಲಿ ಕೊಬ್ಬು ಜಾಸ್ತಿ ಅಂತ ಬಂದ್ರೆ ನಾವು ಮೊದಲು ಎಣ್ಣೆ ಬಿಡ್ತೀವಿ. ಆದರೆ ಅನ್ನದ ಪಿಷ್ಟವೂ ಸಕ್ಕರೆಯಾಗುತ್ತೆ. ಮೈ ಬಳಸದೆ ಉಳಿದದ್ದನ್ನು ಯಕೃತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬಾಗಿಸುತ್ತದೆ. ಅನ್ನ ಬಿಟ್ಟು ಎರಡು ಮುದ್ದೆ ನುಂಗಿದ್ರೂ ಲೆಕ್ಕ ಹೆಚ್ಚೇನೂ ಬದಲಾಗಲ್ಲ. ರಾಗಿಯಲ್ಲಿ ನಾರು ಜಾಸ್ತಿ, ನಿಜ; ಆದರೆ ಅದೂ ಪಿಷ್ಟವೇ.

ದಾರಿ ನಮ್ಮ ಅಡುಗೆಮನೆಯಲ್ಲೇ ಇದೆ. ಬಸ್ಸಾರು ಮಾಡಿದ ದಿನ ಬಸಿದ ಕಟ್ಟು ಸಾರಾಗಿ ಅನ್ನಕ್ಕೆ ಹೋಗುತ್ತೆ, ಕಾಳು-ಸೊಪ್ಪಿನ ಪಲ್ಯ ತಟ್ಟೆಯ ಮೂಲೆಗೆ. ಇದನ್ನು ತಿರುಗಿಸಿ: ಅರ್ಧ ತಟ್ಟೆ ಸೊಪ್ಪು-ತರಕಾರಿ, ಕಾಲು ಭಾಗ ಕಾಳು, ಉಳಿದ ಕಾಲು ಅನ್ನ ಅಥವಾ ಮುದ್ದೆ. ಕಾಳಿನ ನಾರು ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟ್ರಾಲ್ ಇಳಿಸಲೂ ನೆರವಾಗುತ್ತದೆ. ಉಂಡ ಮೇಲೆ 15 ನಿಮಿಷ ನಡೆಯಿರಿ. ದುಡಿಯುವ ಸ್ನಾಯು ರಕ್ತದ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ.

ಇದು ಬರೀ ಬಾಯಿಮಾತಲ್ಲ. ಚೆನ್ನೈನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರು ಊಟ, ನಡಿಗೆ ಬದಲಿಸಿಕೊಂಡಾಗ ಕಾಯಿಲೆಗೆ ಬೀಳುವ ಅಪಾಯ ಶೇ. 28.5ರಷ್ಟು ತಗ್ಗಿತು.

ಫಲ ಸಿಕ್ಕಿದೆಯಾ ಅಂತ ನೋಡೋಕೆ ಮೂರು ತಿಂಗಳು ಬಿಟ್ಟು ಎಚ್‌ಬಿಎ1ಸಿ ಮಾಡಿಸಿ. ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಮಾತ್ರ ಅನ್ನ ಇಳಿಸುವ ಮೊದಲೇ ವೈದ್ಯರಿಗೆ ಹೇಳಿ. ಸಕ್ಕರೆ ಏಕಾಏಕಿ ಕುಸಿಯಬಹುದು. ನೀವಾಗಿ ಔಷಧಿ ನಿಲ್ಲಿಸಬೇಡಿ.